ಪರದೆಯ ಹಿಂದಿನ ಕೂಲಿ

(ಗಂಗಾವತಿಯಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಸದಾ ಕೂಲಿ, ಬೋನಸ್ಸು, ತೆರಿಗೆ ಎಂದು ಮಾತನಾಡುವ ನಾನು ಈ ಸಂಜೆ ಗೊಂಬೆಯಾಟದ ಮಾತು ತೆಗೆದರೆ ನಿಮಗೆ ನಗೆ ಬರಬಹುದು. ನಗಿರಿ. ಆದರೆ ಇದೂ ಕೂಲಿಯ ಮಾತೇ.

ಕಳೆದ ಯುಗಾದಿಯ ಮರುದಿನ ಮನೆಯವರನ್ನೆಲ್ಲ ಕರೆದುಕೊಂಡು ನೆರೆಯ ಹಳ್ಳಿಗೆ ತೊಗಲುಗೊಂಬೆ ಆಟ ನೋಡಲು ಹೋಗಿದ್ದೆ. ಮಕ್ಕಳಿಗಾಗಿಯೇ ಇಡಿಸಿದ ಆಟ. ಗುಡಿಯ ಮುಂದೆ ನಾಲ್ಕು ಗೂಟ, ಸುತ್ತ ಕಂಬಳಿ, ಮುಂದೊಂದು ಬಿಳಿಯ ಪರದೆ, ಅದರ ಹಿಂದೆ ಬೆಳಕು. ಇಷ್ಟೇ ನಾಟಕಶಾಲೆ. ಆನೆಗೊಂದಿಯ ಬಳಿಯ ಅಂಜನಾದ್ರಿಯೇ ಹನುಮಂತ ಹುಟ್ಟಿದ ಜಾಗವೆಂದು ನಂಬಿದ ಸೀಮೆ ನಮ್ಮದು. ಆತ ಲಂಕೆಗೆ ಹಾರಿದಾಗ ಮಕ್ಕಳೆಲ್ಲ ಎದ್ದು ನಿಂತರು. ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜಗಳಕ್ಕೆ ನಿಂತಾಗ ನನ್ನಾಕೆಯ ಕಣ್ಣಲ್ಲಿ ನಗೆಯ ನೀರು. ರಾಜನ ಎದುರು ಹೆದರದೆ ಒರಟು ಮಾತಾಡುವ ಸ್ವಾತಂತ್ರ್ಯ ಆ ಜೋಡಿಗೆ ಮಾತ್ರ!

ಎಂಟು ವರ್ಷದ ಮೊಮ್ಮಗ ಕೇಳಿದ: "ತಾತಾ, ಹಿಂದೆ ಎಷ್ಟು ಮಂದಿ ಇದ್ದಾರೆ?" ದನಿಗಳನ್ನು ಎಣಿಸಿ ಅವನೇ ಹತ್ತು ಎಂದ. ಆಟ ನಡೆಯುತ್ತಿದ್ದಾಗಲೇ ಅವನನ್ನು ಪರದೆಯ ಹಿಂದಕ್ಕೆ ಕರೆದೊಯ್ದೆ. ಇದ್ದವರು ಮೂವರು. ಗಂಡನ ಒಂದು ಕೈಯಲ್ಲಿ ರಾಮ, ಇನ್ನೊಂದರಲ್ಲಿ ರಾವಣ. ಇಬ್ಬರ ಮಾತೂ ಅವನದೇ. ಹೆಂಡತಿ ತಾಳ ಹಾಕುತ್ತ ಸೀತೆಯ ಅಳುವನ್ನು ಹಾಡುತ್ತಿದ್ದಳು. ಮಗ ಮದ್ದಳೆ ಬಾರಿಸುತ್ತಿದ್ದ. ಮೂವರ ಮೈಯಲ್ಲೂ ಬೆವರು ಇಳಿಯುತ್ತಿತ್ತು. ಹುಡುಗ ದೊಡ್ಡ ಕಣ್ಣು ಬಿಟ್ಟು ಸುಮ್ಮನೆ ನಿಂತ.

ಆಟ ಮುಗಿದ ಮೇಲೆ ಮಾತನಾಡಿಸಿದೆ. ಆಟ ಇಡಿಸಿದವರು ಒಂದು ಶಾಲು, ಒಂದು ಹಾರ, ಬಂದು ಹೋಗುವ ಖರ್ಚು ಕೊಟ್ಟಿದ್ದರು. "ಬೆಳಗಾದರೆ ಗಾರೆ ಕೆಲಸಕ್ಕೆ ಹೋಗಬೇಕು, ಯಜಮಾನರೇ" ಎಂದ ಆತ.

ಈ ವಿದ್ಯೆ ಅಗ್ಗದ್ದಲ್ಲ. ಆಡಿನ ತೊಗಲನ್ನು ಹದಮಾಡಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಬೇಕು. ಚಿತ್ರ ಬರೆದು, ಉಳಿಯಿಂದ ತೂತು ಕೊರೆದು, ಬಣ್ಣ ತುಂಬಬೇಕು. ಇದರ ಮೇಲೆ ರಾಮಾಯಣ, ಭಾರತಗಳ ಹಾಡು, ಮಾತು ಬಾಯಿಪಾಠವಾಗಬೇಕು. ಹಿಂದೆ ಇವರನ್ನು ಸಾಕಿದ್ದು ಊರು. ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಮಳೆ ಹೋದ ವರ್ಷ ವಿರಾಟಪರ್ವ ಆಡಿಸಿದರೆ ಮಳೆ ಬರುತ್ತದೆಂದು ಕರೆಸುತ್ತಿದ್ದರು. ಕಣದ ಕಾಳು ಪೇಟೆಯ ರೊಕ್ಕವಾಯಿತು. ಸಿನಿಮಾ ಬಂತು, ಟೆಲಿವಿಷನ್ ಬಂತು, ಈಗ ಅಂಗೈಯಲ್ಲಿ ಮೊಬೈಲ್. ಊರು ಕೈಬಿಟ್ಟಿತು, ವಿದ್ಯೆ ಮಾತ್ರ ಅವರ ಕೊರಳಲ್ಲಿ ಉಳಿಯಿತು.

ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96. ಹೊರದೇಶಗಳಲ್ಲಿ ಗೊಂಬೆ ಕುಣಿಸಿ ಬಂದ ತಾಯಿ ಅವರು. ನಮಗೆಲ್ಲ ಹೆಮ್ಮೆ. ಆದರೆ ಒಬ್ಬರಿಗೆ ಬಂದ ಪ್ರಶಸ್ತಿಯಿಂದ ಎಲ್ಲ ಮೇಳಗಳ ಒಲೆ ಉರಿಯುವುದಿಲ್ಲ. ಹೊಗಳಿಕೆ ವರ್ಷಕ್ಕೊಮ್ಮೆ, ಹಸಿವು ದಿನಕ್ಕೆರಡು ಸಲ. ಇಂಡೋನೇಷ್ಯದ ವಾಯಾಂಗ್ ಗೊಂಬೆಯಾಟವನ್ನು 2003ರಲ್ಲಿ ಯುನೆಸ್ಕೊ ಗೌರವಿಸಿತು; ಆದರೆ ಅದನ್ನು ಬದುಕಿಸುತ್ತ ಬಂದದ್ದು ಮದುವೆ ಮುಂಜಿಗಳಿಗೆ ಹಣ ಕೊಟ್ಟು ಆಟ ಕರೆಸುವ ಅಲ್ಲಿನ ಸಂಸಾರಗಳು.

ಹೊತ್ತು ಮೀರಿ ದುಡಿದವನಿಗೆ ಶಾಲು ಹೊದಿಸಿ ಕಳಿಸಿದರೆ ಗಿರಣಿಯಲ್ಲಿ ನಾವು ಒಪ್ಪುತ್ತೇವೆಯೇ? ಹಾಗಾದರೆ ಪರದೆಯ ಹಿಂದಿನ ದುಡಿಮೆಗೆ ಬೇರೆ ನ್ಯಾಯ ಏಕೆ?

ನನ್ನ ಸೂಚನೆ ಸಣ್ಣದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ, ವರ್ಷಕ್ಕೆ ಒಂದು ರಾತ್ರಿಯಾದರೂ ಓಣಿಯವರು ಕೂಡಿ ಆಟ ಇಡಿಸೋಣ. ಹಬ್ಬದ ಧ್ವನಿವರ್ಧಕಕ್ಕೆ ಎತ್ತುವ ವಂತಿಗೆಯಲ್ಲಿ ಒಂದು ಪಾಲು ಸಾಕು. ಅಂಗಡಿಯವರೂ ಕೈಗೂಡಿಸಲಿ, ಜನ ಸೇರಿದ ಕಡೆ ಚುರುಮುರಿ, ಚಹಾ ಅವರದೇ ಮಾರಾಟ. ಕೂಲಿಯನ್ನು ಮೊದಲೇ ಮಾತಾಡಿ, ಪರದೆ ಬಿಚ್ಚುವ ಮುನ್ನ ಎಣಿಸಿ ಕೊಡೋಣ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆಮೇಲೆ ಸರದಿಯಂತೆ ಪರದೆಯ ಹಿಂದಕ್ಕೂ ಕರೆದೊಯ್ಯೋಣ.

ಆ ರಾತ್ರಿ ಬಸ್ಸಿನಲ್ಲಿ ಮೊಮ್ಮಗ ನಿದ್ದೆಗಣ್ಣಲ್ಲೇ ಕೇಳಿದ: "ತಾತಾ, ಹತ್ತು ಮಂದಿಯ ಕೆಲಸ ಮಾಡಿದರಲ್ಲ, ಹತ್ತು ಮಂದಿಯ ಕೂಲಿ ಕೊಟ್ಟರಾ?"

ನಾನು ಉತ್ತರ ಕೊಡಲಿಲ್ಲ. ಆ ಉತ್ತರವನ್ನು ನಾವು ಕೂಡಿ ಕೊಡಬೇಕೆಂದು ಕೇಳಲು ಇಲ್ಲಿಗೆ ಬಂದಿದ್ದೇನೆ.