ಲೇಕ್ ವ್ಯೂ ಇದೆ, ನೀರುಗಂಟಿ ಎಲ್ಲಿ?

ಶುರು ಮಾಡೋ ಮೊದಲು ಒಂದು ಪ್ರಶ್ನೆ. ಪವಾಯಿಯಲ್ಲಿ ಮನೆ ಹುಡುಕುವಾಗ ಬ್ರೋಕರ್ ಬಾಯಲ್ಲಿ 'ಲೇಕ್ ವ್ಯೂ' ಅನ್ನೋ ಮಾತು ಕೇಳಿದವರು ಎಷ್ಟು ಜನ? ಕೈ ಎತ್ತಿ. ಹಾಂ, ಹೆಚ್ಚುಕಮ್ಮಿ ಎಲ್ಲರೂ. ನಾನೂ ಕೇಳಿದ್ದೆ, ಅದಕ್ಕೆ ಅಂತಲೇ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ ಬಾಡಿಗೆಯನ್ನೂ ಕೊಟ್ಟೆ. ಈಗ ಎರಡನೇ ಪ್ರಶ್ನೆ. ನಿಮ್ಮ ಕಟ್ಟಡದ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಇಬ್ಬರು. ಪರವಾಗಿಲ್ಲ, ಇಲ್ಲಿಗೆ ಬಂದು ಐದು ವರ್ಷ ಆಗೋವರೆಗೆ ನನಗೂ ಗೊತ್ತಿರಲಿಲ್ಲ.

ಪವಾಯಿ ಕೆರೆ ಕಟ್ಟಿದ್ದು 1890ರ ಸುಮಾರಿಗೆ, ಮುಂಬಯಿಗೆ ಕುಡಿಯೋ ನೀರು ಸಾಲದೆ ಇದ್ದಾಗ. ತುಂಬಿದರೆ ಸುಮಾರು 545 ಕೋಟಿ ಲೀಟರ್ ನೀರು ಹಿಡಿಯುತ್ತೆ. ಕೋಡಿ ಬಿದ್ದರೆ ನೀರು ಮೀಠಿ ನದಿಗೆ ಸೇರುತ್ತೆ. ಆದರೆ ಈ ನೀರು ಈಗ ಕುಡಿಯಕ್ಕೆ ಆಗಲ್ಲ. ಕಾರ್ಖಾನೆಗಳಿಗೆ, ಆರೇ ಕಾಲೊನಿಗೆ ಬಳಸ್ತಾರೆ, ಅಷ್ಟೆ. ನಮ್ಮ ನಲ್ಲಿಯ ನೀರು ದೂರದ ಭಾತ್ಸಾ, ವೈತರಣಾ ಕಡೆಯಿಂದ ಪೈಪಿನಲ್ಲಿ ಬರುತ್ತೆ. ಅಂದರೆ ಕಿಟಕಿ ಆಚೆಗಿನ ಕೆರೆ ಪೂರ್ತಿ ಕೆಟ್ಟುಹೋದರೂ ನಮ್ಮ ಅಡುಗೆಮನೆಗೆ ಏನೂ ಗೊತ್ತಾಗಲ್ಲ. ಕೆರೆ ಕೆಡೋದು ಅಲ್ಲಿಂದಲೇ ಶುರು ಅಂತ ನನಗನ್ನಿಸುತ್ತೆ.

ನಮ್ಮ ತಾತನ ಊರು ಮಧುಗಿರಿ ಕಡೆ. ಅಲ್ಲಿ ಕೆರೆ ಹಾಳಾದರೆ ಗದ್ದೆ ಒಣಗ್ತಿತ್ತು. ಅದಕ್ಕೇ ಅಲ್ಲೊಬ್ಬ ನೀರುಗಂಟಿ ಇದ್ದ. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು, ಮಳೆಗಾಲದಲ್ಲಿ ರಾತ್ರಿ ಏರಿ ಮೇಲೆ ಓಡಾಡಿ ಎಲ್ಲಾದರೂ ಸೋರ್ತಾ ಇದೆಯಾ ಅಂತ ಹುಡುಕೋದು ಅವನ ಕೆಲಸ. ಸುಗ್ಗಿ ಬಂದಾಗ ಪ್ರತಿ ಮನೆಯಿಂದ ಅವನಿಗೆ ಇಷ್ಟು ಕಾಳು ಅಂತ ಕೊಡೋರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆನ್‌ಕಾಲ್ ಡ್ಯೂಟಿ, ಸಂಬಳ ಸಹಿತ. ಆಮೇಲೆ ಬೋರ್‌ವೆಲ್ ಬಂತು. ಕೆರೆ ನೀರು ಯಾರಿಗೂ ಬೇಡವಾಯ್ತು, ಕಾಳು ಕೊಡೋದು ನಿಂತಿತು, ನೀರುಗಂಟಿಯ ಮಗ ಬೆಂಗಳೂರಿಗೆ ಹೋದ. ಕೆರೆ ಈಗಲೂ ಇದೆ. ಅದರೊಳಗೆ ಬಳ್ಳಾರಿ ಜಾಲಿ ಬೆಳೆದಿದೆ.

ನಮ್ಮ ಶಾಸನಗಳಲ್ಲಿ 'ಬಿತ್ತುವಟ್ಟ' ಅನ್ನೋ ಪದ ಬರುತ್ತೆ. ಕೆರೆ ಕಟ್ಟಿಸಿದಾಗಲೇ ಅದರ ದುರಸ್ತಿಗೆ ಅಂತ ಬಿಟ್ಟ ಜಮೀನು. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟಿದ್ದಾರೆ. ಪ್ರಾಜೆಕ್ಟ್ ಲಾಂಚ್ ದಿನವೇ ಮೇಂಟೆನೆನ್ಸ್ ಬಜೆಟ್ ಕಲ್ಲಿನಲ್ಲಿ ಕೆತ್ತಿ ಇಟ್ಟ ಹಾಗೆ! ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರ ಕಾಲದ, 1369ರ ಒಂದು ಕೆರೆ ಶಾಸನ ಇದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು, ಕೆರೆಗೆ ಬರುವ ಆರು ದೋಷಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಏರಿ ಸೋರೋದು ಒಂದು ದೋಷ, ಚೌಳು ಮಣ್ಣು ಇನ್ನೊಂದು. ಜೊತೆಗೆ, ಎರಡು ರಾಜ್ಯಗಳ ಗಡಿಯಲ್ಲಿ ಇರೋದೂ ಒಂದು ದೋಷ! ಕಾರಣ ನಾನು ಊಹಿಸ್ತೀನಿ: ಇಬ್ಬರ ಕೆರೆ ಯಾರ ಕೆರೆಯೂ ಆಗಲ್ಲ.

ಇದು ನಮ್ಮ ದೇಶದ ಮಾತು ಮಾತ್ರ ಅಲ್ಲ. ಬಾಲಿ ದ್ವೀಪದಲ್ಲಿ 'ಸುಬಕ್' ಅಂತ ರೈತರ ನೀರಿನ ಸಂಘಗಳಿವೆ. ಯಾವ ಗದ್ದೆಗೆ ಯಾವಾಗ ನೀರು ಅನ್ನೋದು ಅಲ್ಲಿ ನೀರಿನ ದೇವಸ್ಥಾನಗಳ ಪೂಜೆಯ ಜೊತೆ ಸೇರಿಕೊಂಡಿದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಗದ್ದೆ, ಗುಡಿಗಳ ಜೊತೆ ಈ ವ್ಯವಸ್ಥೆಯ ಹೆಸರನ್ನೂ ಹಾಕಿತು. ಪರಂಪರೆ ಅಂದರೆ ಕಲ್ಲು ಮತ್ತು ಹಾಡು ಅಂದುಕೊಂಡಿದ್ದ ನನಗೆ ಅದು ಸರದಿಯೂ ಹೌದು, ವಂತಿಗೆಯೂ ಹೌದು ಅಂತ ಹೊಳೆದದ್ದು ಆವಾಗ.

ಪವಾಯಿಗೆ ವಾಪಸ್ ಬರೋಣ. ಕೆರೆ ದಂಡೆಯಲ್ಲಿ ಪಾಲಿಕೆ ಸೈಕಲ್ ಟ್ರ್ಯಾಕ್ ಕಟ್ಟೋಕೆ ಹೊರಟಾಗ ಐಐಟಿಯ ಸಂಶೋಧನಾ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಕಾಮಗಾರಿ ಕಾನೂನುಬಾಹಿರ ಅಂತ ಹೇಳಿ, ಜಾಗವನ್ನು ಮೊದಲಿನ ಹಾಗೆ ಮಾಡಿ ಅಂತ ಆದೇಶ ಕೊಟ್ಟಿತು. ಆ ಸುದ್ದಿ ಓದಿ ನನಗೆ ನಾಚಿಕೆ ಆಯ್ತು. ನಾಲ್ಕೈದು ವರ್ಷ ಓದಿ ಹೋಗೋ ಹುಡುಗರು ಈ ಕೆರೆಗಾಗಿ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ, ನಾನು ಬಾಲ್ಕನಿಯಲ್ಲಿ ಕೂತು ಕಾಫಿ ಕುಡೀತಾ ಇದ್ದೀನಿ.

ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಆ ಎರಡನೇ ಪ್ರಶ್ನೆ ಕೇಳಿದೆ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಪ್ಲಂಬರ್ ಕರೆಸಿ ಚೇಂಬರ್ ಮುಚ್ಚಳ ತೆಗೆಸಿದ್ವಿ. ಒಂದು ವಿಂಗಿನ ಬಚ್ಚಲು ನೀರಿನ ಪೈಪನ್ನು ಯಾವಾಗಲೋ ಯಾರೋ ಮಳೆನೀರಿನ ಚರಂಡಿಗೆ ಸೇರಿಸಿಬಿಟ್ಟಿದ್ದರು. ಆ ಚರಂಡಿ ಇಳಿಯೋದು ಕೆರೆ ಕಡೆಗೆ. ಅದು ನನ್ನದೇ ವಿಂಗ್. ನೋಡೋಕೆ ಅಂತ ದುಡ್ಡು ಕೊಟ್ಟ ಕೆರೆಗೆ ನನ್ನದೇ ಸೋಪಿನ ನೀರು ಹೋಗ್ತಾ ಇತ್ತು. 'ನಾವು ಬಾಡಿಗೆಯವರು, ನಮಗ್ಯಾಕೆ' ಅಂದವರಿದ್ದರು. 'ನೀವು ಕರ್ನಾಟಕದವರು, ನಿಮಗ್ಯಾಕೆ' ಅಂತಲೂ ಒಬ್ಬರು ಅಂದರು. ಪೈಪ್ ಸರಿಹೋಗೋಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಆ 'ನಿಮಗ್ಯಾಕೆ'ಗೆ ನನ್ನ ಉತ್ತರ ಇದು. ನಮಗಿಂತ ಮುಂಚೆ ಈ ಊರಿಗೆ ಬಂದ ಕನ್ನಡಿಗರು, ತುಳುವರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾಗಿದ್ದು 1902ರಲ್ಲಿ. ಇಲ್ಲೇ ಪವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ ಇದೆ. ಊರಿನ ನೆನಪು ಅವರಿಗೂ ಕಾಡಿರಬೇಕು, ಆದರೆ ಬರೀ ನೆನಪಿನಿಂದ ಶಾಲೆ ನಡೆಯಲ್ಲ. ಚಂದಾ ಪುಸ್ತಕ, ಪಾಳಿ, ಕೀಲಿಕೈ ಇಟ್ಟುಕೊಳ್ಳೋಕೆ ಒಬ್ಬ ಮನುಷ್ಯ, ಇಷ್ಟೂ ಬೇಕು. ನೀರುಗಂಟಿಗೆ ಕಾಳು ಅಳೆದುಕೊಡೋ ಬುದ್ಧಿಯನ್ನೇ ಅವರು ಇಲ್ಲಿಗೆ ತಂದರು. ಭಾಷೆಗೆ ಮಾಡಿದ್ದನ್ನು ಕೆರೆಗೂ ಮಾಡಬಹುದು.

ರಾಜ್ಯೋತ್ಸವದ ದಿನ ಕೆರೆಯ ಹಾಡು ಹಾಡೋಣ, ಬೇಡ ಅನ್ನಲ್ಲ. ಅದರ ಜೊತೆ ನಿಮ್ಮ ಹತ್ತಿರ ಒಂದೇ ಒಂದು ಕೇಳ್ತೀನಿ. ಈ ತಿಂಗಳು ನಿಮ್ಮ ಸೊಸೈಟಿಯಲ್ಲಿ ಆ ಎರಡನೇ ಪ್ರಶ್ನೆ ಕೇಳಿ. ಉತ್ತರ ಸಿಕ್ಕ ಮೇಲೆ, ಜೂನ್ ಬರೋ ಮುಂಚೆ ವರ್ಷಕ್ಕೊಮ್ಮೆ ಆ ಚೇಂಬರ್ ತೆಗೆದು ನೋಡೋಕೆ ಒಬ್ಬರ ಹೆಸರು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ. ನಮ್ಮ ಬಿಲ್ಡಿಂಗಿನಲ್ಲಿ ಈ ವರ್ಷ ಆ ಹೆಸರು ನನ್ನದು.