‘ಸರ್ವರ್ ಇಲ್ಲ’ ಎನ್ನುವ ಮುನ್ನ: ಪಂಚಾಯತಿ ಕಚೇರಿಯ ಗಣಕಯಂತ್ರ ಜಾಲದ ದೋಷಗಳು ಮತ್ತು ಪರಿಹಾರ

(ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಕಚೇರಿಗಳಲ್ಲಿ ನಾಗರಿಕರು ಆಗಾಗ ಕೇಳುವ ಮಾತು, ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು. ತೊಗರಿ ಹೊಲದ ಕೆಲಸ ಬಿಟ್ಟು ಬಂದವರಿಗೆ ಈ ಮಾತಿನಿಂದ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಆದ್ದರಿಂದ ಆ ಮಾತು ನಿಜವೇ ಎಂಬುದನ್ನು ಪರಿಶೀಲಿಸುವ ವಿಧಾನವನ್ನು ತಾವು ತಿಳಿದಿರುವುದು ಅವಶ್ಯಕ.

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳು ಅಂತರಜಾಲದ ಮೂಲಕ ಹೊರಗಿನ ಸರ್ವರ್‌ಗಳಲ್ಲಿ ನಡೆಯುತ್ತವೆ. ಆದರೆ ಪ್ರಿಂಟರ್ ಒಂದು ಗಣಕಯಂತ್ರಕ್ಕೆ ಜೋಡಣೆಯಾಗಿದ್ದು, ಸ್ಕ್ಯಾನ್ ಮಾಡಿದ ಕಡತಗಳು ಇನ್ನೊಂದರಲ್ಲಿರುವುದು ಸಾಮಾನ್ಯ. ಇವುಗಳ ನಡುವಿನ ಸಂಪರ್ಕಕ್ಕೆ ಹೊರಗಿನ ಸರ್ವರ್ ಬೇಕಿಲ್ಲ. ಇ-ಸ್ವತ್ತು ಪುಟ ತೆರೆಯುತ್ತಿದ್ದೂ ನಮೂನೆ 9ರ ಪ್ರತಿ ಮುದ್ರಣವಾಗದಿದ್ದರೆ, ದೋಷವನ್ನು ಮೊದಲು ನಮ್ಮ ಕಚೇರಿಯೊಳಗೇ ಹುಡುಕಬೇಕು.

ಈ ಹುಡುಕಾಟಕ್ಕೆ ಒಂದು ಕ್ರಮವಿದೆ. ದಾರಿ, ವಿಳಾಸ, ಬಾಗಿಲು, ಕೀಲಿ ಎಂದು ನೆನಪಿಟ್ಟುಕೊಳ್ಳಬಹುದು.

ಮೊದಲನೆಯದು ದಾರಿ. ಕೇಬಲ್ ಜೋಡಿಸಿದ ಜಾಗದಲ್ಲಿ ದೀಪ ಉರಿಯುತ್ತಿದೆಯೇ, ಎರಡೂ ಯಂತ್ರಗಳು ಒಂದೇ ರೂಟರ್‌ಗೆ ಸೇರಿವೆಯೇ ಎಂದು ನೋಡಬೇಕು. ಒಂದು ಯಂತ್ರ ಕಚೇರಿಯ ಜಾಲದಲ್ಲಿದ್ದು, ಇನ್ನೊಂದು ಸಿಬ್ಬಂದಿಯ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ಅವು ಪರಸ್ಪರ ಕಾಣುವುದಿಲ್ಲ.

ಎರಡನೆಯದು ವಿಳಾಸ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಅಂಕಿಗಳ ವಿಳಾಸವಿರುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ ಆ ಯಂತ್ರಕ್ಕೆ ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬೇಕು. ವಿದ್ಯುತ್ ಹೋಗಿ ಬಂದಾಗ ರೂಟರ್ ಕೆಲವೊಮ್ಮೆ ಹೊಸ ವಿಳಾಸ ಹಂಚುತ್ತದೆ. ಆಗ ಹಳೆಯ ವಿಳಾಸದ ಮೇಲೆ ಮಾಡಿಟ್ಟ ಪ್ರಿಂಟರ್ ಸಂಪರ್ಕ ಕಡಿದುಹೋಗುತ್ತದೆ. ಪ್ರಿಂಟರ್ ಮತ್ತು ಕಡತಗಳಿರುವ ಯಂತ್ರಕ್ಕೆ ರೂಟರ್‌ನಲ್ಲಿ ವಿಳಾಸವನ್ನು ಕಾಯ್ದಿರಿಸುವುದು ಇದಕ್ಕೆ ಶಾಶ್ವತ ಪರಿಹಾರ. ಹೆಸರಿನಿಂದ ತೆರೆಯದ ಯಂತ್ರವು ಅಂಕಿ ವಿಳಾಸದಿಂದ ತೆರೆದರೆ, ದೋಷವಿರುವುದು ಹೆಸರನ್ನು ಗುರುತಿಸುವಲ್ಲಿ ಮಾತ್ರ.

ಮೂರನೆಯದು ಬಾಗಿಲು. ವಿಂಡೋಸ್‌ನಲ್ಲಿ ಜಾಲವನ್ನು ‘ಪಬ್ಲಿಕ್’ ಎಂದು ಗುರುತಿಸಿದ್ದರೆ ಹಂಚಿಕೆಯನ್ನು ಫೈರ್‌ವಾಲ್ ಸಾಮಾನ್ಯವಾಗಿ ತಡೆಯುತ್ತದೆ. ಕಚೇರಿಯ ಜಾಲವನ್ನು ‘ಪ್ರೈವೇಟ್’ ಎಂದು ಬದಲಿಸಿ, ಕಡತ ಮತ್ತು ಪ್ರಿಂಟರ್ ಹಂಚಿಕೆಗೆ ಅನುಮತಿ ನೀಡಿದರೆ ಸಾಕು. ಪರದೆಯ ಮೇಲೆ 80070035 ಅಂಕಿಗಳುಳ್ಳ ದೋಷಸಂಕೇತ ಬಂದರೆ ಈ ಮೂರು ಹಂತಗಳಲ್ಲಿ ಹುಡುಕಬೇಕು. ಜಾಲದ ಮಾರ್ಗ ಸಿಗಲಿಲ್ಲವೆಂಬುದು ಅದರ ಅರ್ಥ.

ನಾಲ್ಕನೆಯದು ಕೀಲಿ. ಇನ್ನೊಂದು ಯಂತ್ರ ಕಂಡರೂ ಪ್ರವೇಶ ನಿರಾಕರಿಸಿದರೆ ಬಳಕೆದಾರರ ಹೆಸರು, ಗುಪ್ತಪದ ಮತ್ತು ಅನುಮತಿಗಳನ್ನು ನೋಡಬೇಕು. ಅನುಮತಿಯು ಹಂಚಿಕೆಯಲ್ಲಿ ಒಂದು, ಫೋಲ್ಡರ್‌ನಲ್ಲಿ ಒಂದು, ಹೀಗೆ ಎರಡು ಕಡೆ ಇರುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಹಳೆಯ ಯಂತ್ರಗಳ ನಡುವೆ ಹೊಸದೊಂದು ಬಂದಾಗ ಈ ತೊಂದರೆ ಹೆಚ್ಚು. ಹಳೆಯ ವಿಂಡೋಸ್ ಬಳಸುತ್ತಿದ್ದ ಎಸ್‌ಎಂಬಿ 1 ಎಂಬ ಹಂಚಿಕೆ ವಿಧಾನದ ದೋಷದ ಮೂಲಕವೇ 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದೇ ವರ್ಷದ ಅಕ್ಟೋಬರ್ ಆವೃತ್ತಿಯಿಂದ ವಿಂಡೋಸ್ 10ರ ಹೊಸ ಅಳವಡಿಕೆಗಳಲ್ಲಿ ಈ ವಿಧಾನವನ್ನು ಪೂರ್ವನಿಯೋಜಿತವಾಗಿ ಕೈಬಿಡಲಾಯಿತು. ವಿಂಡೋಸ್ 11 ಪ್ರೊದ 2024ರ ಆವೃತ್ತಿಯಂತೂ ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನು ತಾನಾಗಿ ಒಪ್ಪುವುದಿಲ್ಲ. ಕಡತಗಳಿರುವ ಯಂತ್ರದಲ್ಲಿ ಪ್ರತಿ ಸಿಬ್ಬಂದಿಗೂ ಗುಪ್ತಪದ ಸಹಿತ ಖಾತೆ ತೆರೆಯುವುದು ಸರಿಯಾದ ಮಾರ್ಗ.

ತಾವು ವಿಶೇಷವಾಗಿ ಗಮನಿಸಬೇಕಾದುದು ಇಲ್ಲಿದೆ. ದುರಸ್ತಿಗೆ ಬಂದವರು ಬೇಗ ಮುಗಿಸಲು ಫೈರ್‌ವಾಲ್ ಸಂಪೂರ್ಣ ಆರಿಸುವುದು, ಎಸ್‌ಎಂಬಿ 1ನ್ನು ಮರಳಿ ಚಾಲೂ ಮಾಡುವುದು, ಎಲ್ಲರಿಗೂ ಪೂರ್ಣ ಅಧಿಕಾರ ಕೊಡುವುದು ಉಂಟು. ಮುದ್ರಣ ಆ ಕ್ಷಣವೇ ಬರಬಹುದು. ಆದರೆ ಆ ಯಂತ್ರದಲ್ಲಿ ನಮ್ಮ ಗ್ರಾಮಸ್ಥರ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ ಪುಟಗಳು, ಉದ್ಯೋಗ ಚೀಟಿಗಳಿವೆ. ಕಚೇರಿಯ ವೈ-ಫೈ ಗುಪ್ತಪದ ತಿಳಿದ ಯಾರು ಬೇಕಾದರೂ ಅವನ್ನು ನಕಲು ಮಾಡಬಹುದು, ಅಳಿಸಲೂ ಬಹುದು. ನಾಗರಿಕರ ಇಂತಹ ಮಾಹಿತಿಯ ರಕ್ಷಣೆಗಾಗಿಯೇ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿದೆ.

ಸದಸ್ಯರು ಸ್ವತಃ ಗಣಕಯಂತ್ರದ ಮುಂದೆ ಕುಳಿತು ದುರಸ್ತಿ ಮಾಡಬೇಕಾಗಿಲ್ಲ. ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಕ್ರಮಗಳಿಗೆ ಠರಾವು ಮಾಡಿದರೆ ಸಾಕು.

1. ದೋಷ ಕಂಡ ದಿನ, ವೇಳೆ, ಸಂಕೇತ ಹಾಗೂ ಪರಿಹಾರವನ್ನು ಬರೆದಿಡಲು ಒಂದು ವಹಿ ಇಡುವುದು.

2. ದುರಸ್ತಿ ಮಾಡಿದವರು ಏನನ್ನು ಬದಲಿಸಿದರೆಂದು ಲಿಖಿತವಾಗಿ ಕೊಟ್ಟ ನಂತರವೇ ಬಿಲ್ಲು ಪಾವತಿಸುವುದು.

3. ಸಾರ್ವಜನಿಕರಿಗೆ ವೈ-ಫೈ ಕೊಡುವುದಾದರೆ ಅದನ್ನು ಕಚೇರಿಯ ಜಾಲದಿಂದ ಬೇರ್ಪಡಿಸುವುದು.

4. ರೂಟರ್‌ಗೂ ಯುಪಿಎಸ್ ಸಂಪರ್ಕ ಒದಗಿಸುವುದು.

5. ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆ ಪ್ರತ್ಯೇಕ ಹಾರ್ಡ್ ಡಿಸ್ಕ್‌ಗೆ ತೆಗೆದು, ಅದನ್ನು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿಡುವುದು.

ಮುಂದೆ ಯಾರಾದರೂ ಗ್ರಾಮಸ್ಥರು ‘ಸರ್ವರ್ ಇಲ್ಲವಂತೆ’ ಎಂದು ತಮ್ಮ ಬಳಿ ಬಂದರೆ, ಇ-ಸ್ವತ್ತು ಪುಟ ತೆರೆಯುತ್ತಿದೆಯೇ, ದೋಷವನ್ನು ವಹಿಯಲ್ಲಿ ಬರೆಯಲಾಗಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿರಿ. ದೋಷ ನಮ್ಮ ಕೊಠಡಿಯೊಳಗಿನದಾದರೆ ಅರ್ಜಿದಾರರನ್ನು ಮರಳಿ ಕಳುಹಿಸದೆ, ಕಡತವನ್ನು ಪ್ರಿಂಟರ್ ಇರುವ ಯಂತ್ರದಲ್ಲೇ ತೆರೆದು ಅಂದೇ ಪ್ರತಿ ಕೊಡಿಸಬಹುದು. ಜಾಲದ ದುರಸ್ತಿಯನ್ನು ನಂತರ ಕ್ರಮಬದ್ಧವಾಗಿ ಮಾಡಿಸೋಣ.