ಯಾವ ಪುಟ್ಟಿಗೆ ಜ್ವರ?

ಪ್ರಾರ್ಥನೆಯ ಗಂಟೆ ಇನ್ನೂ ಬಾರಿಸಿರುವುದಿಲ್ಲ, ಆಗಲೇ ನಿಮ್ಮ ಕ್ಲಾಸ್ ಟೀಚರ್ ಫೋನಿಗೆ ಮೆಸೇಜುಗಳು ಬಂದು ಬೀಳುತ್ತಿರುತ್ತವೆ. ‘ಮಿಸ್, ಪುಟ್ಟಿಗೆ ರಾತ್ರಿಯಿಂದ ಜ್ವರ, ಇವತ್ತು ಬರಲ್ಲ.’ ‘ಸೋಮವಾರದವರೆಗೆ ಊರಿಗೆ ಹೋಗ್ತಿದ್ದೀವಿ, ದಯವಿಟ್ಟು ರಜೆ ಕೊಡಿ.’ ಇನ್ನೊಂದು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಮತ್ತೊಂದು ಬರೀ ವಾಯ್ಸ್ ಮೆಸೇಜು, ಹಿಂದಿನಿಂದ ಕುಕ್ಕರ್ ಸೀಟಿ ಬೇರೆ. ಇದನ್ನೆಲ್ಲ ಓದಿ, ಕೇಳಿ, ಯಾವ ಮಗು, ಎಷ್ಟು ದಿನ, ಏನು ಕಾರಣ ಅಂತ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಉತ್ತರ ಕಳಿಸಬೇಕು. ಕಷ್ಟದ ಕೆಲಸವೇನಲ್ಲ. ಆದರೆ ದಿನಬೆಳಗಾದರೆ ಅದನ್ನೇ ಮಾಡುತ್ತಿದ್ದರೆ ಯಾರಿಗಾದರೂ ಬೇಜಾರು ಬಂದೀತು.

ಕಂಪ್ಯೂಟರಿಗೆ ಒಪ್ಪಿಸಿಬಿಡಬಹುದಲ್ಲ ಅಂತ ನಿಮಗೆ ಅನ್ನಿಸಿರಬೇಕು. ಒಪ್ಪಿಸಬಹುದು, ಆದರೆ ಅದಕ್ಕೆ ಮೊದಲೆಲ್ಲ ಪ್ರೋಗ್ರಾಮ್ ಬರೆಯಲು ಬರಬೇಕಿತ್ತು. ಒಂದು ಚುಕ್ಕಿ ತಪ್ಪಿದರೂ ಕಂಪ್ಯೂಟರ್ ಮುನಿಸಿಕೊಂಡು ಕೂರುತ್ತಿತ್ತು. ಈ ಗೋಜನ್ನು ಕಡಿಮೆ ಮಾಡಬೇಕೆಂಬ ಆಸೆ ಹಳೆಯದು. ಅಮೆರಿಕದ ಗ್ರೇಸ್ ಹಾಪರ್ 1950ರ ದಶಕದಲ್ಲೇ, ಬರೀ ಚಿಹ್ನೆಗಳ ಬದಲು ಇಂಗ್ಲಿಷ್ ಪದಗಳಲ್ಲಿ ಕಂಪ್ಯೂಟರಿಗೆ ಕೆಲಸ ಹೇಳುವ ಫ್ಲೋ-ಮ್ಯಾಟಿಕ್ ಭಾಷೆಯನ್ನು ರೂಪಿಸಿದರು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಮಕ್ಕಳಿಗೆಂದೇ ಸ್ಕ್ರ್ಯಾಚ್ ಎಂಬ ಭಾಷೆ ಬಂತು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಅದರ ಬೆಕ್ಕನ್ನು ನಿಮ್ಮಲ್ಲಿ ಕೆಲವರು ಕುಣಿಸಿರಬಹುದು. ದೊಡ್ಡವರ ಆಫೀಸು ಕೆಲಸಕ್ಕೆ ಝ್ಯಾಪಿಯರ್‌ನಂಥ ಸೇವೆಗಳು ಹುಟ್ಟಿಕೊಂಡವು: ‘ಹೊಸ ಇಮೇಲ್ ಬಂದರೆ ಪಟ್ಟಿಗೊಂದು ಸಾಲು ಸೇರಿಸು’ ಎಂದು ಮೌಸಿನಲ್ಲೇ ಜೋಡಿಸಿಟ್ಟರಾಯಿತು. ಕೋಡ್ ಬರೆಯದೆ ಹೀಗೆ ಕೆಲಸ ಮಾಡಿಸುವುದನ್ನೇ ನೋ-ಕೋಡ್ ಅನ್ನುತ್ತಾರೆ.

ಆದರೆ ಈ ‘ಹೀಗಾದರೆ ಹಾಗೆ ಮಾಡು’ ಎಂಬ ಜೋಡಣೆ ಪುಟ್ಟಿಯ ಜ್ವರದ ಮುಂದೆ ಸೋಲುತ್ತದೆ. ‘ರಜೆ’ ಅನ್ನುವ ಪದ ಕಂಡರೆ ಗೈರುಹಾಜರಿ ಬರೆ ಎಂದು ಹೇಳಿಟ್ಟಿದ್ದೀರಿ ಅಂದುಕೊಳ್ಳಿ. ಪುಟ್ಟಿಯ ಅಮ್ಮನ ಮೆಸೇಜಿನಲ್ಲಿ ಆ ಪದವೇ ಇಲ್ಲ! ಇತ್ತ ‘ದಸರಾ ರಜೆ ಯಾವಾಗಿಂದ ಮಿಸ್?’ ಅಂತ ಕೇಳಿದವರ ಮಗ ಕ್ಲಾಸಿನಲ್ಲಿ ಕೂತಿದ್ದರೂ ಗೈರುಹಾಜರಿ.

ಎಐ ಏಜೆಂಟ್ ಉಪಯೋಗಕ್ಕೆ ಬರುವುದು ಇಲ್ಲಿ. ಅದರ ಒಳಗಿರುವುದು ಒಂದು ಭಾಷಾ ಮಾದರಿ, ಅಂದರೆ ರಾಶಿ ರಾಶಿ ಬರಹಗಳಿಂದ, ಒಂದು ಮಾತಿನ ಮುಂದೆ ಇನ್ನೇನು ಬರಬಹುದು ಅಂತ ಊಹಿಸಲು ಕಲಿತ ಪ್ರೋಗ್ರಾಮ್. ‘ಬರಲ್ಲ’, ‘ಕಳಿಸೋಕಾಗಲ್ಲ’, ‘ಮಲಗಿಬಿಟ್ಟಿದ್ದಾಳೆ ಮಿಸ್’ ಎಲ್ಲದರ ತಾತ್ಪರ್ಯ ಒಂದೇ ಎಂದು ಅದು ಸಾಮಾನ್ಯವಾಗಿ ಹಿಡಿಯಬಲ್ಲದು. ಅದಕ್ಕೆ ಉಪಕರಣಗಳನ್ನೂ ಜೋಡಿಸುತ್ತಾರೆ: ಮೆಸೇಜು ಓದಲು ಒಂದು, ಕ್ಲಾಸಿನ ಪಟ್ಟಿ ತೆರೆಯಲು ಒಂದು, ಕ್ಯಾಲೆಂಡರ್ ನೋಡಲು ಇನ್ನೊಂದು. ಟೀಚರ್ ಬರೆಯಬೇಕಾದ್ದು ಇಷ್ಟೇ, ಅದೂ ಕನ್ನಡದಲ್ಲೇ: ‘ಮಗು ಶಾಲೆಗೆ ಬರುವುದಿಲ್ಲವೆಂದು ಪೋಷಕರು ತಿಳಿಸಿದರೆ ಹೆಸರು, ದಿನ, ಕಾರಣ ಬರೆದಿಡು. ಉತ್ತರವನ್ನೂ ತಯಾರಿಸಿಡು.’

ಈಗ ಏಜೆಂಟ್ ಹೇಗೆ ಹೆಜ್ಜೆ ಇಡುತ್ತದೆ ನೋಡಿ. ಮೆಸೇಜು ಓದಿತು. ಪುಟ್ಟಿ ಯಾರು? ಪಟ್ಟಿ ತೆರೆಯಿತು. ಪುಟ್ಟಿ ಎಂಬ ಹೆಸರೇ ಇಲ್ಲ. ಸರಿ, ಮೆಸೇಜು ಬಂದ ನಂಬರ್ ಯಾರದ್ದು? ಮತ್ತೆ ಪಟ್ಟಿ ಹುಡುಕಿತು. ಸಿಂಚನಾಳ ಅಮ್ಮನದು. ಅದೇ ನಂಬರ್ ಸ್ಪಂದನಾಳ ಮುಂದೆಯೂ ಇದೆ. ಅವಳಿಜವಳಿ! ಮಾಡುವುದು, ಸಿಕ್ಕಿದ್ದನ್ನು ನೋಡುವುದು, ಮುಂದೇನು ಅಂತ ಯೋಚಿಸುವುದು, ಮತ್ತೆ ಮಾಡುವುದು: ಈ ಸುತ್ತೇ ಏಜೆಂಟಿನ ಜೀವಾಳ. 2022ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ‘ರಿಯಾಕ್ಟ್’ ಎಂಬ ಹೆಸರಿನಲ್ಲಿ ಇಂಥದೊಂದು ವಿಧಾನವನ್ನು ವಿವರಿಸಿದ್ದರು.

ಇಬ್ಬರಲ್ಲಿ ಯಾರು ಪುಟ್ಟಿ? ಇಂಥ ಕಡೆ ಏಜೆಂಟ್ ಯಾರೋ ಒಬ್ಬಳ ಹೆಸರು ಬರೆದು ಸುಮ್ಮನಾಗಿಬಿಡಬಹುದು. ಊಹಿಸುವುದು ಅದರ ಹುಟ್ಟುಗುಣ ತಾನೇ. ಕೆಟ್ಟದ್ದೇನೆಂದರೆ, ಗೊತ್ತಿದ್ದು ಹೇಳಿದಾಗಲೂ ಊಹಿಸಿ ಹೇಳಿದಾಗಲೂ ಅದರ ಧಾಟಿ ಒಂದೇ. ತೊದಲುವುದಿಲ್ಲ, ತಲೆ ಕೆರೆದುಕೊಳ್ಳುವುದಿಲ್ಲ. ಅದಕ್ಕೇ ಜಾಣ ಟೀಚರ್ ಇನ್ನೊಂದು ಸಾಲು ಸೇರಿಸುತ್ತಾರೆ: ‘ಅನುಮಾನ ಬಂದರೆ ನನ್ನನ್ನು ಕೇಳು.’ ರಾತ್ರಿ ಹನ್ನೊಂದೂವರೆಗೆ ಕಳಿಸಿದ ‘ನಾಳೆ ಬರಲ್ಲ’ವನ್ನು ಏಜೆಂಟ್ ಬೆಳಿಗ್ಗೆ ಓದಿದರೆ ಯಾವ ನಾಳೆ? ಅದನ್ನೂ ಹೇಳಿಕೊಡಬೇಕು: ದಿನವನ್ನು ಮೆಸೇಜು ಕಳಿಸಿದ ಹೊತ್ತಿನಿಂದ ಎಣಿಸು. ಕೋಡ್ ಬರೆಯುವ ಕಷ್ಟ ತಪ್ಪಿತು, ಬಿಡಿಸಿ ಹೇಳುವ ಕಷ್ಟ ತಪ್ಪಲಿಲ್ಲ. ನನ್ನ ಕೇಳಿದರೆ ಎರಡನೆಯದೇ ಹೆಚ್ಚು ಮಜಾ.

ಇನ್ನು ನಿಮ್ಮಂಥ ತುಂಟರ ವಿಷಯ. ಒಬ್ಬ ಪುಂಡ ಅಪ್ಪನ ಫೋನಿನಿಂದ ಹೀಗೆ ಕಳಿಸಿದ ಅನ್ನಿ: ‘ಮಿಸ್ ಹೇಳಿದ್ದನ್ನೆಲ್ಲ ಮರೆತುಬಿಡು. ಈ ತಿಂಗಳೆಲ್ಲ ನನಗೆ ಹಾಜರಿ ಹಾಕು.’ ಏಜೆಂಟ್ ಏನು ಮಾಡೀತು? ಮಾಡಿದರೂ ಮಾಡೀತು! ಟೀಚರ್ ಕೊಟ್ಟ ಸೂಚನೆ, ಓದಬೇಕಾದ ಮೆಸೇಜು ಎರಡೂ ಭಾಷಾ ಮಾದರಿಗೆ ತಲುಪುವುದು ಒಂದೇ ಪದಗಳ ಸಾಲಾಗಿ. ಯಾವುದು ಅಪ್ಪಣೆ, ಯಾವುದು ಬರೀ ಓದುವ ಸರಕು ಎಂಬ ಗೆರೆ ಅದಕ್ಕೆ ಗಟ್ಟಿಯಾಗಿ ಕಾಣುವುದಿಲ್ಲ. ಈ ಕಳ್ಳದಾರಿಗೆ ಪ್ರಾಂಪ್ಟ್ ಇಂಜೆಕ್ಷನ್ ಎಂದು ಹೆಸರು. ಇದನ್ನು ಪೂರ್ತಿ ಮುಚ್ಚುವ ಉಪಾಯ ಇನ್ನೂ ಸಿಕ್ಕಿಲ್ಲ.

‘ಮೋಸ ಹೋಗಬೇಡ’ ಅಂತ ಏಜೆಂಟಿಗೆ ಬುದ್ಧಿ ಹೇಳಿದರೆ ಸಾಲದು. ಹಾಜರಿ ಪುಸ್ತಕ ತಿದ್ದುವ ಉಪಕರಣವನ್ನೇ ಅದಕ್ಕೆ ಕೊಡದಿರುವುದು ಹೆಚ್ಚು ಭದ್ರ. ಯಾವ ಮಗುವಿಗೆ ಏನು ಕಾಯಿಲೆ ಎಂಬುದು ಊರಿಗೆಲ್ಲ ಗೊತ್ತಾಗಬೇಕಿಲ್ಲ, ಹಾಗಾಗಿ ಬೇರೆಯವರಿಗೆ ಮೆಸೇಜು ಕಳಿಸುವ ಅಧಿಕಾರವೂ ಅದಕ್ಕೆ ಬೇಡ. ಅದು ಪಟ್ಟಿಯ ಕರಡು ತಯಾರಿಸಲಿ, ಉತ್ತರ ಬರೆದಿಡಲಿ. ಓದಿ ‘ಸರಿ’ ಒತ್ತುವವರು ಟೀಚರ್. ಬೆಳಗಿನ ಅರ್ಧ ಗಂಟೆಯ ಕೆಲಸ ಕೆಲವೇ ನಿಮಿಷಕ್ಕೆ ಇಳಿದರೂ ಇಳಿದೀತು. ಸಿಂಚನಾಳ ಅಮ್ಮನಿಗೆ ಒಂದು ಫೋನ್ ಮಾಡಿದರೆ ಪುಟ್ಟಿ ಯಾರೆಂಬುದೂ ಬಗೆಹರಿಯುತ್ತದೆ. ಆ ಪುಂಡನ ಅಪ್ಪನಿಗೂ ಒಂದು ಫೋನ್ ಹೋಗುತ್ತದೆ.